ಜನನ ದಾಖಲೆಯೇ ಇಲ್ಲದ ಅಜ್ಜ ಮುತ್ತಜ್ಜಂದಿರನ್ನು ಹುಡುಕುವುದು ಹೇಗೆ?

"ನಮ್ಮ ಮುತ್ತಜ್ಜ ಹುಟ್ಟಿದ ದಿನಾಂಕ ಎಲ್ಲಿ ಸಿಗುತ್ತೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ನೇರವಾಗಿ ಹೇಳಿಬಿಡುತ್ತೇನೆ. ಬಹಳಷ್ಟು ಮನೆಗಳ ಮಟ್ಟಿಗೆ ಅದು ಎಲ್ಲೂ ಸಿಗುವುದಿಲ್ಲ. ಜನನ ಮರಣ ನೋಂದಣಿ ದೇಶಕ್ಕೆಲ್ಲ ಒಂದೇ ಥರ ಕಡ್ಡಾಯವಾಗಿದ್ದು 1969ರ ಕಾಯ್ದೆಯಿಂದ, ಅದು ಜಾರಿಗೆ ಬಂದಿದ್ದು 1970ರಲ್ಲಿ. ಅದಕ್ಕೂ ಮುಂಚೆ ಪುರಸಭೆಗಳು, ಹಳ್ಳಿಗಳ ಪಟೇಲರು ಪುಸ್ತಕ ಇಟ್ಟಿದ್ದುಂಟು. ಆದರೆ ಮನೆಯಲ್ಲೇ ಹೆರಿಗೆ ಆಗುತ್ತಿದ್ದ ಕಾಲ, ಯಾರು ಹೋಗಿ ಬರೆಸುತ್ತಿದ್ದರು?

ಹುಟ್ಟನ್ನು ಬರೆಯದಿದ್ದರೂ ಕಂದಾಯವನ್ನು ಮಾತ್ರ ಯಾವ ಸರ್ಕಾರವೂ ಬರೆಯದೆ ಬಿಟ್ಟಿಲ್ಲ. ಜಮೀನು, ಸಾಲ, ಪಾಲು, ಕೋರ್ಟು ವ್ಯಾಜ್ಯ, ಇನಾಮು, ಸಾವು, ಇವುಗಳಲ್ಲಿ ಯಾವುದಾದರೂ ಒಂದರ ನೆಪದಲ್ಲಿ ನಿಮ್ಮ ಹಿರಿಯರ ಹೆಸರು ಯಾವುದೋ ಪುಸ್ತಕಕ್ಕೆ ಸೇರಿರುತ್ತದೆ. ಹಾಗಾಗಿ ಹುಟ್ಟಿದ ದಿನಾಂಕದ ಹಿಂದೆ ಬೀಳಬೇಡಿ. ಯಾರ ಮಗ, ಯಾರ ಮಗಳು, ಯಾವ ಊರು, ಸುಮಾರು ಯಾವ ಕಾಲ, ಈ ನಾಲ್ಕು ಸಿಕ್ಕರೆ ಸಾಕು ಅಂದುಕೊಂಡು ಹೊರಡಿ.

ಬೇಕಾಗುವುದು ಒಂದು ದಪ್ಪ ನೋಟ್‌ಬುಕ್, ಕ್ಯಾಮೆರಾ ಇರುವ ಫೋನು, ನಿಮ್ಮ ಗುರುತಿನ ಚೀಟಿ, ಮತ್ತೆ ಜಾಸ್ತಿ ತಾಳ್ಮೆ.

ಹಂತ 1: ಮನೆಯ ಹಿರಿಯರು, ಅದರಲ್ಲೂ ಹೆಂಗಸರು

ಮೊದಲು ಸೋದರತ್ತೆಯರನ್ನು, ಅಜ್ಜಿಯ ತಂಗಿಯರನ್ನು ಕೇಳಿ. ಗಂಡಸರಿಗೆ ಜಮೀನಿನ ಕಥೆ ಗೊತ್ತಿರುತ್ತದೆ. ಯಾರಿಗೆ ಎಷ್ಟು ಮಕ್ಕಳು, ಯಾವುದು ಉಳಿಯಲಿಲ್ಲ, ಯಾರನ್ನು ಯಾವ ಊರಿಗೆ ಕೊಟ್ಟರು, ಇದೆಲ್ಲ ಗೊತ್ತಿರುವುದು ಹೆಂಗಸರಿಗೆ.

"ಯಾವ ಇಸವಿ?" ಅಂತ ಮಾತ್ರ ಕೇಳಬೇಡಿ. ಉತ್ತರ ಬರುವುದಿಲ್ಲ, ಬಂದರೂ ನಿಮ್ಮನ್ನು ಸಮಾಧಾನ ಮಾಡಲು ಹೇಳಿದ್ದಾಗಿರುತ್ತದೆ. ಬದಲಿಗೆ ಎಲ್ಲರಿಗೂ ನೆನಪಿರುವ ಒಂದು ಘಟನೆಗೆ ಗಂಟು ಹಾಕಿ ಕೇಳಿ: "ಮೈಸೂರು ಮಹಾರಾಜರು ತೀರಿಕೊಂಡಾಗ ನಿಮ್ಮಪ್ಪನಿಗೆ ಮದುವೆ ಆಗಿತ್ತಾ?" ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಿದ್ದು 1940ರಲ್ಲಿ. ದಕ್ಷಿಣ ಕನ್ನಡದವರಾದರೆ 1923ರ ಮತ್ತು 1974ರ ನೇತ್ರಾವತಿ ನೆರೆ ಇದೆ. ಇನ್ಫ್ಲುಯೆಂಜಾ ಜ್ವರ ಊರೂರನ್ನೇ ಖಾಲಿ ಮಾಡಿದ್ದು 1918ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರಲ್ಲಿ. "ಧಾತು ಈಶ್ವರ ಬರದಲ್ಲಿ ನಮ್ಮವರು ಊರು ಬಿಟ್ಟು ಬಂದರು" ಅಂತ ಯಾರಾದರೂ ಹೇಳಿದರೆ ಅದು 1876ರಿಂದ 1878ರ ತನಕದ ಮಹಾಬರ. ಆಗಿನ ಎರಡು ಸಂವತ್ಸರಗಳ ಹೆಸರೇ ಧಾತು ಮತ್ತು ಈಶ್ವರ.

ಮನೆದೇವರು ಎಲ್ಲಿದೆ ಅಂತಲೂ ಕೇಳಿ ಬರೆದುಕೊಳ್ಳಿ. ನೀವಿರುವುದು ತುಮಕೂರು ಕಡೆ, ಮನೆದೇವರು ಮಾತ್ರ ನೂರು ಮೈಲಿ ಆಚೆ ಒಂದು ಸಣ್ಣ ಊರಲ್ಲಿ ಅಂದರೆ, ನಿಮ್ಮವರು ಆ ದಿಕ್ಕಿನಿಂದ ಬಂದಿರಬಹುದು. ಕರಾವಳಿಯಲ್ಲಿ ಇದೇ ಕೆಲಸವನ್ನು ನಾಗನ ಮೂಲಸ್ಥಾನ ಮಾಡುತ್ತದೆ. ಇದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ಹಳೆಯ ಜಾತಕ ಇದ್ದರೆ ಅದರಲ್ಲಿ ಇಸವಿ ಇರದೆ ಬರೀ ಸಂವತ್ಸರದ ಹೆಸರು ಇರಬಹುದು. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ರಕ್ತಾಕ್ಷಿ ಅಂತಿದ್ದರೆ 1864-65 ಇರಬಹುದು, 1924-25 ಇರಬಹುದು, 1984-85 ಕೂಡ ಇರಬಹುದು. ಶಕ ವರ್ಷವನ್ನೂ ಬರೆದಿದ್ದರೆ ನೀವು ಪುಣ್ಯವಂತರು, ಅದಕ್ಕೆ 78 ಕೂಡಿಸಿ. ಸಂವತ್ಸರ ಶುರುವಾಗುವುದು ಯುಗಾದಿಗೆ, ಹಾಗಾಗಿ ಪುಷ್ಯ ಮಾಸದ ಕೊನೆ, ಮಾಘ, ಫಾಲ್ಗುಣ ಅಂತಿದ್ದರೆ 79 ಕೂಡಿಸಬೇಕಾಗುತ್ತದೆ.

ಹಂತ 2: ಆ ಕಾಲಕ್ಕೆ ನಿಮ್ಮ ಊರು ಯಾರ ಕೈಯಲ್ಲಿತ್ತು?

ಇದನ್ನು ಬಿಟ್ಟು ಮುಂದೆ ಹೋದವರು ತಪ್ಪು ಕಚೇರಿಯಲ್ಲಿ ತಪ್ಪು ಹೆಸರಿನ ದಾಖಲೆ ಕೇಳುತ್ತಾ ನಿಲ್ಲುತ್ತಾರೆ. 1956ಕ್ಕೆ ಮೊದಲು ಈಗಿನ ಕರ್ನಾಟಕ ಐದು ಕಡೆ ಹಂಚಿಹೋಗಿತ್ತು: ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು.

ಪ್ರದೇಶ ಬದಲಾದ ಹಾಗೆ ದಾಖಲೆಯ ಹೆಸರು, ಭಾಷೆ, ಲಿಪಿ ಎಲ್ಲ ಬದಲಾಗುತ್ತದೆ. ಹಳೇ ಮೈಸೂರಿನವರು ಕೇಳಬೇಕಾದ್ದು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಕಚೇರಿಯಲ್ಲಿ ಐ.ಎಲ್., ಆರ್.ಆರ್. ಅಂದರೆ ಸಾಕು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಪಹಣಿಗೆ (ಜಮೀನು ಯಾರದ್ದು, ಯಾರು ಉಳುತ್ತಿದ್ದಾರೆ ಅಂತ ಬರೆದಿರುವ ಸರ್ಕಾರಿ ದಾಖಲೆ) ಉತಾರ ಅಂತಾರೆ, ತೀರಾ ಹಳೆಯ ಕಾಗದಗಳು ಮರಾಠಿಯಲ್ಲಿ, ಮೋಡಿ ಅನ್ನುವ ಹಳೆಯ ಕೂಡುಬರಹದ ಲಿಪಿಯಲ್ಲಿ ಇರಬಹುದು. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ 1954-55ರ ಖಾಸ್ರಾ ಪಹಣಿ ದೊಡ್ಡ ಆಧಾರ, ಅದಕ್ಕೂ ಹಿಂದಿನದು ಉರ್ದುವಿನಲ್ಲಿ ಇರುತ್ತದೆ. ದಕ್ಷಿಣ ಕನ್ನಡದಲ್ಲಿ ಅಡಂಗಲ್ (ಪಹಣಿಯಂಥದ್ದೇ ಪುಸ್ತಕ) ಮತ್ತು ಸೆಟ್ಲ್‌ಮೆಂಟ್ ರಿಜಿಸ್ಟರ್ ಕೇಳಿ. ಮೋಡಿ ಅಥವಾ ಉರ್ದು ಓದಬಲ್ಲ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅಂಥವರು ಈಗ ಕಡಿಮೆ, ಇರುವವರಿಗೂ ವಯಸ್ಸಾಗಿದೆ.

ಹಂತ 3: ಪಹಣಿಯಿಂದ ಹಿಂದಕ್ಕೆ

ಕುಟುಂಬಕ್ಕೆ ಒಂದು ಗುಂಟೆ ಜಮೀನಾದರೂ ಇದ್ದರೆ ಇದೇ ಮುಖ್ಯ ದಾರಿ.

ಸರ್ವೆ ನಂಬರ್ ತಿಳಿದುಕೊಳ್ಳಿ. ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಆ ನಂಬರಿನ ಪಹಣಿ ತೆಗೆಯಿರಿ. ಕಂಪ್ಯೂಟರ್ ಪಹಣಿ ಹಿಂದಕ್ಕೆ ಹೋಗುವುದು ಸುಮಾರು 2000ದ ತನಕ ಮಾತ್ರ. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರಿರುತ್ತದೆ. ಎಲ್ಲರೂ ಅದನ್ನು ನೋಡಿ ಮುಚ್ಚಿಡುತ್ತಾರೆ. ನೀವು ಪಕ್ಕದ 10ನೇ ಕಾಲಂ ನೋಡಿ, ಈ ಜಮೀನು ಇವರಿಗೆ ಹೇಗೆ ಬಂತು ಅನ್ನುವುದು ಅಲ್ಲಿರುತ್ತದೆ. ಎಂ.ಆರ್. ಅಂತ ಬರೆದು ಒಂದು ನಂಬರು, ಒಂದು ವರ್ಷ ಕೊಟ್ಟಿರುತ್ತಾರೆ. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದದ್ದನ್ನು ಬರೆಯುವ ಪುಸ್ತಕ.

ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಖಾತೆದಾರ ತೀರಿಕೊಂಡು ವಾರಸುದಾರರಿಗೆ ಖಾತೆ ಆಗಿದ್ದರೆ ಅದನ್ನು ಪೌತಿ ಖಾತೆ ಅನ್ನುತ್ತಾರೆ. ನಿಮಗೆ ಬೇಕಾದ ಚಿನ್ನ ಇರುವುದು ಇಲ್ಲೇ: ಸತ್ತವರ ಹೆಸರು, ಅವರ ತಂದೆಯ ಹೆಸರು, ಹೆಂಡತಿ ಮಕ್ಕಳ ಹೆಸರು, ಕೆಲವೊಮ್ಮೆ ತೀರಿಕೊಂಡ ದಿನವೂ ಇರುತ್ತದೆ. ಒಂದು ಎಂ.ಆರ್. ಸಿಕ್ಕರೆ ಅದರಿಂದ ಹಿಂದಿನ ಕೈಬರಹದ ಪಹಣಿಗೆ, ಅಲ್ಲಿಂದ ಅದರ ಹಿಂದಿನ ಎಂ.ಆರ್.ಗೆ. ಹೀಗೆ ಒಂದೊಂದೇ ಮೆಟ್ಟಿಲು. ಎಷ್ಟೋ ಮನೆಗಳಲ್ಲಿ ಎರಡು ತಲೆಮಾರು ಪೌತಿ ಖಾತೆಯನ್ನೇ ಮಾಡಿಸದೆ ಜಮೀನು ಇನ್ನೂ ಮುತ್ತಜ್ಜನ ಹೆಸರಲ್ಲೇ ಇರುತ್ತದೆ. ಬ್ಯಾಂಕಿಗೆ ಹೋದಾಗ ಅದು ತಲೆನೋವು, ನಮ್ಮ ಹುಡುಕಾಟಕ್ಕೆ ಮಾತ್ರ ವರ.

ಹಳೆಯ ದಾಖಲೆಗಳ ಕೆಲವು ಮಾತು ಗೊತ್ತಿರಲಿ. "ಕರಿಯಪ್ಪ ಬಿನ್ ಬೋರಯ್ಯ" ಅಂದರೆ ಬೋರಯ್ಯನ ಮಗ ಕರಿಯಪ್ಪ. "ನಂಜಮ್ಮ ಕೋಂ ಸಿದ್ದೇಗೌಡ" ಅಂದರೆ ಸಿದ್ದೇಗೌಡನ ಹೆಂಡತಿ. "ಉರುಫ್" ಇದ್ದರೆ ಇನ್ನೊಂದು ಹೆಸರು, ಆ ಹೆಸರನ್ನೂ ಬಿಡದೆ ಬರೆದುಕೊಳ್ಳಿ, ಮುಂದಿನ ದಾಖಲೆಯಲ್ಲಿ ಬರೀ ಅದೇ ಇರಬಹುದು. ಮುಂಬಯಿ ಕರ್ನಾಟಕದಲ್ಲಿ "ಅ.ಪಾ.ಕ." ಅಂತ ಬಂದರೆ ಖಾತೆದಾರ ಆಗ ಅಪ್ರಾಪ್ತ, ಜೊತೆಗಿರುವ ಹೆಸರು ಪಾಲಕರದ್ದು. ಅಂದರೆ ಆ ವರ್ಷ ಅವನಿಗೆ 18 ತುಂಬಿರಲಿಲ್ಲ. ನೋಡಿ, ಜನನ ಪತ್ರ ಇಲ್ಲದೆಯೇ ವಯಸ್ಸಿನ ಒಂದು ಗಡಿ ಸಿಕ್ಕಿತು.

ಎಚ್ಚರ ಬೇಕಾದ ಜಾಗಗಳೂ ಇಲ್ಲೇ ಜಾಸ್ತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಸಾಮಾನ್ಯ, ಹಾಗಾಗಿ "ರಂಗಪ್ಪ ಬಿನ್ ತಿಮ್ಮಯ್ಯ" ಒಂದು ಮನೆಯಲ್ಲಿ ಎರಡು ಸಲ ಬರುತ್ತಾನೆ, ಐವತ್ತು ವರ್ಷದ ಅಂತರದಲ್ಲಿ. ವರ್ಷ ನೋಡದೆ ಇಬ್ಬರನ್ನೂ ಒಬ್ಬನೇ ಅಂದುಕೊಂಡರೆ ಮಧ್ಯದ ಎರಡು ತಲೆಮಾರು ಮಾಯ. ಅದೇ ಊರಲ್ಲಿ ಅದೇ ಹೆಸರಿನ ಬೇರೆ ಮನೆಯವರೂ ಇರುತ್ತಾರೆ, ಅವರನ್ನು ಸರ್ವೆ ನಂಬರಿನಿಂದ ಬೇರೆ ಮಾಡಿ.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಇನ್ನೂ ದೊಡ್ಡ ಗುಂಡಿ ಇದೆ. ಆಸ್ತಿ ನಡೆಯುತ್ತಿದ್ದದ್ದು ತಾಯಿಯ ಕಡೆಯಿಂದ, ಹಾಗಾಗಿ ಯಜಮಾನನ ನಂತರ ಬರುವ ಹೆಸರು ಅವನ ಮಗನದ್ದಲ್ಲ, ತಮ್ಮನದ್ದೋ ಸೋದರಳಿಯನದ್ದೋ ಆಗಿರುತ್ತದೆ. ಇದನ್ನು ಅಪ್ಪ-ಮಗ ಅಂತ ಬರೆದುಕೊಂಡರೆ ಇಡೀ ವಂಶಾವಳಿ ಅಡಿಮೇಲಾಗುತ್ತದೆ. ಇಂಥ ಮನೆಯವರು ಹಳೆಯ ಪಾಲುಪಟ್ಟಿ ಹುಡುಕಿ. ಅದರಲ್ಲಿ ಕವರು, ಅಂದರೆ ಒಬ್ಬ ಹೆಣ್ಣುಮಗಳಿಂದ ಇಳಿದುಬಂದ ಶಾಖೆ, ಒಂದೊಂದಾಗಿ ವಿಂಗಡಿಸಿರುತ್ತದೆ.

ರೆಕಾರ್ಡ್ ರೂಮಿನಲ್ಲಿ "ಕಡತ ಲಭ್ಯವಿಲ್ಲ" ಅಂತ ಬಾಯಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ, ಬರಹದಲ್ಲಿ ಕೊಡಿ ಅನ್ನಿ. ಎಷ್ಟೋ ಸಲ ಹಾಗೆ ಕೇಳಿದ ಮೇಲೆ ಕಡತ ಸಿಗುವುದುಂಟು. ಆಗಲೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. "ನಮ್ಮ ವಂಶದ ಎಲ್ಲ ದಾಖಲೆ ಕೊಡಿ" ಅಂತ ಬರೆದರೆ ವಾಪಸ್ ಬರುತ್ತದೆ. ಊರು, ಸರ್ವೆ ನಂಬರ್, ಎಂ.ಆರ್. ನಂಬರ್, ವರ್ಷ ಹಾಕಿ ಕೇಳಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲ್ಲೂಕಿನದು ಆಗಿದೆಯಾ ಅಂತ ಮೊದಲು ವಿಚಾರಿಸಿ.

ಹಂತ 4: ನಮಗೆ ಜಮೀನೇ ಇರಲಿಲ್ಲ ಅನ್ನುವವರಿಗೆ

ಸ್ವಂತ ಜಮೀನು ಇರಲಿಲ್ಲ ಅಂದಮಾತ್ರಕ್ಕೆ ದಾಖಲೆ ಇಲ್ಲ ಅಂತಲ್ಲ. ಬೇರೆಯವರ ಜಮೀನನ್ನು ಗೇಣಿಗೆ ಮಾಡುತ್ತಿದ್ದವರಾದರೆ ಭೂ ನ್ಯಾಯಮಂಡಳಿಯ ಕಡತ ಹುಡುಕಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ನಮೂನೆ 7 ಅನ್ನುವ ಅರ್ಜಿ ಹಾಕಿದರು. ಅದರ ಜೊತೆಗಿರುವ ಹೇಳಿಕೆಗಳಲ್ಲಿ "ಈ ಜಮೀನನ್ನು ನಮ್ಮ ತಂದೆಯ ಕಾಲದಿಂದ, ಅಜ್ಜನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ" ಅಂತ ಹೆಸರು ಸಮೇತ ಹೇಳಿರುತ್ತಾರೆ. ಅಕ್ಕಪಕ್ಕದ ಹಿಡುವಳಿದಾರರ ಸಾಕ್ಷಿಯೂ ಇರುತ್ತದೆ. ಓದು ಬರಹ ಬಾರದ ಅಜ್ಜನ ಮಾತು ಕಾಗದದ ಮೇಲೆ ಉಳಿದಿರುವುದು ಬಹುಶಃ ಅಲ್ಲಿ ಮಾತ್ರ. ಹಳೆಯ ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ, ಅಲ್ಲಿಂದ ಶುರುಮಾಡಿ.

ಇನ್ನೊಂದು ಬಹಳ ಜನ ಮರೆಯುವ ದಾರಿ ಊರಿನ ಕೆಲಸಗಾರರ ಇನಾಮು. ತೋಟಿ, ತಳವಾರ, ನೀರಗಂಟಿ, ಪಟೇಲ, ಶಾನುಭೋಗ, ಇವರೆಲ್ಲರಿಗೂ ಮಾಡುವ ಕೆಲಸಕ್ಕೆ ಬದಲಾಗಿ ಜಮೀನು ಕೊಡುತ್ತಿದ್ದರು. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಈ ಹುದ್ದೆಗಳು ರದ್ದಾದವು, ಜಮೀನನ್ನು ಅದೇ ಮನೆಯವರಿಗೆ ಮರುಮಂಜೂರು ಮಾಡಿದರು. ಮರುಮಂಜೂರಿಗೆ ನಾವೇ ಹಕ್ಕುದಾರರು ಅಂತ ತೋರಿಸಲು ವಂಶಾವಳಿ ಕೊಡಬೇಕಾಗುತ್ತಿತ್ತು. ಎಷ್ಟೋ ದಲಿತ ಮನೆಗಳಿಗೆ ನಾಲ್ಕು ತಲೆಮಾರಿನ ಹೆಸರು ಒಟ್ಟಿಗೆ ಸಿಗುವ ಒಂದೇ ಕಡತ ಇದು. ಸಹಾಯಕ ಆಯುಕ್ತರ ಕಚೇರಿ, ತಾಲ್ಲೂಕು ಕಚೇರಿ ಎರಡೂ ಕಡೆ ಕೇಳಿ.

ಜಲಾಶಯದಲ್ಲಿ ಊರು ಮುಳುಗಿದವರು (ಕನ್ನಂಬಾಡಿ, ಲಿಂಗನಮಕ್ಕಿ, ಆಲಮಟ್ಟಿ) ಪರಿಹಾರದ ಪಟ್ಟಿಗಳನ್ನು ಕೇಳಬಹುದು, ಮನೆ ಮನೆಯ ಯಜಮಾನನ ಹೆಸರು ಇರುತ್ತದೆ.

ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆ ಹೆಸರು, ಕಸುಬು, ಊರು ಸಿಗುತ್ತದೆ. ಹುಟ್ಟಿದ ದಿನಾಂಕ ಮಾತ್ರ ನಂಬಬೇಡಿ. ಜೂನ್ 1 ಅಂತಿದ್ದರೆ ಅದು ಮೇಷ್ಟ್ರು ಅಂದಾಜಿನಲ್ಲಿ ಹಾಕಿದ್ದು, ವರ್ಷವೂ ಒಂದೆರಡು ಆಚೀಚೆ ಇರುತ್ತದೆ.

ಜನಗಣತಿ ಪುಸ್ತಕ ಕೇಳಿದರೆ ಸಿಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಮನೆ ಮನೆಯ ಹೆಸರಿರುವ ಜನಗಣತಿ ಹಾಳೆಗಳನ್ನು 1948ರ ಕಾಯ್ದೆ ಪ್ರಕಾರ ಯಾರಿಗೂ ತೋರಿಸುವುದಿಲ್ಲ. ಆ ಆಸೆ ಬಿಡಿ.

ಹಂತ 5: ಹೆಳವರು ಮತ್ತು ಕ್ಷೇತ್ರದ ಪುರೋಹಿತರು

ಲಿಂಗಾಯತ, ಒಕ್ಕಲಿಗ, ಕುರುಬ ಮುಂತಾದ ಮನೆಯವರಾದರೆ ನಿಮ್ಮ ವಂಶ ಬರೆದಿಟ್ಟ ಹೆಳವರು ಇರಬಹುದು. ಸುಗ್ಗಿ ಮುಗಿದ ಮೇಲೆ ಮನೆ ಮುಂದೆ ನಿಂತು ನಿಮ್ಮ ಬೆಡಗು (ಕುಲದೊಳಗಿನ ಪಂಗಡ), ಮೂಲದ ಊರು, ಹಿರಿಯರ ಹೆಸರು ಎಲ್ಲ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವವರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಒಕ್ಕಲು ಅಂತ ಹಂಚಿಕೆ ಇದೆ. ಹಾಗಾಗಿ ಸಿಕ್ಕ ಹೆಳವರನ್ನೆಲ್ಲ ಕೇಳಿ ಪ್ರಯೋಜನವಿಲ್ಲ, ನಿಮ್ಮ ಮೂಲದ ಊರಿಗೆ ಬರುವವರು ಯಾರು ಅಂತ ಅಲ್ಲಿನ ಹಳೆಯ ಮನೆಗಳಲ್ಲಿ ವಿಚಾರಿಸಿ, ಫೋನ್ ನಂಬರ್ ಇಸಿದುಕೊಳ್ಳಿ. ನೀವು ಪಟ್ಟಣ ಸೇರಿ ಎರಡು ತಲೆಮಾರು ಆಗಿದ್ದರೆ ನಿಮ್ಮ ಕವಲು ಅಜ್ಜನ ಹೆಸರಿಗೇ ನಿಂತಿರುತ್ತದೆ. ಕಾಣಿಕೆ ವಿಷಯದಲ್ಲಿ ಚೌಕಾಸಿ ಮಾಡಬೇಡಿ, ಅವರು ತಲೆತಲಾಂತರದಿಂದ ಮಾಡಿದ ಕೆಲಸ ಅದು.

ಹೆಳವರ ಪುಸ್ತಕದಲ್ಲಿ ಈಚಿನ ಆರೇಳು ತಲೆಮಾರು ಗಟ್ಟಿ ಇರುತ್ತದೆ ಅಂತ ನನ್ನ ಅನಿಸಿಕೆ. ಅದರಾಚೆ ಪುರಾಣಪುರುಷರು ಬರತೊಡಗಿದರೆ ಕೈಮುಗಿದು ಕೇಳಿ, ಪಟ್ಟಿಗೆ ಮಾತ್ರ ಸೇರಿಸಬೇಡಿ. ಊರ ಹೊರಗಿನ ವೀರಗಲ್ಲು ನೋಡಿ "ಇವನೇ ನಮ್ಮ ಮೂಲಪುರುಷ" ಅನ್ನುವವರಿಗೂ ಇದೇ ಮಾತು.

ಹಿರಿಯರಲ್ಲಿ ಯಾರಾದರೂ ಕಾಶಿ, ಗಯಾ, ತ್ರ್ಯಂಬಕೇಶ್ವರಕ್ಕೆ ಹೋಗಿದ್ದರೆ ಅಲ್ಲಿನ ಪುರೋಹಿತರ ಬಹಿಗಳನ್ನು ನೋಡಿಸಬಹುದು. ಬಹಿ ಅಂದರೆ ಯಾತ್ರಿಕರ ಹೆಸರು ಬರೆಯುವ ಉದ್ದನೆಯ ಪುಸ್ತಕ. ಬಂದವರ ಊರು, ಜಾತಿ, ತಂದೆ, ಅಜ್ಜ, ಜೊತೆಗೆ ಬಂದವರು ಎಲ್ಲ ಇರುತ್ತಾರೆ, ಕೆಲವೊಮ್ಮೆ ಅವರದೇ ಸಹಿ ಕೂಡ. ಹುಡುಕುವುದು ಮೂಲ ಊರಿನ ಹೆಸರಿನ ಮೇಲೆ. "ಬೆಂಗಳೂರು" ಅಂದರೆ ಏನೂ ಸಿಗುವುದಿಲ್ಲ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರು, ಗೋತ್ರ ಹೇಗೂ ಬಾಯಲ್ಲೇ ಇರುತ್ತದೆ, ಮನೆಯ ಪುರೋಹಿತರನ್ನೂ ಕೇಳಿ.

ಹಂತ 6: ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕ ಇಲ್ಲದ ಕ್ರೈಸ್ತ ಮನೆಗಳು

ಚರ್ಚಿನಲ್ಲಿ ಎಲ್ಲ ಬರೆದಿರುತ್ತಾರೆ ಅಂತ ನಂಬಿ ಹೋಗುವವರಿಗೆ ಮಂಗಳೂರಿನಲ್ಲಿ ಒಂದು ಗೋಡೆ ಎದುರಾಗುತ್ತದೆ. 1784ರಲ್ಲಿ ಟಿಪ್ಪು ಕೆನರಾದ ಕಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಚರ್ಚುಗಳನ್ನು ಕೆಡವಿಸಿದ. ಉಳಿದವರು ವಾಪಸ್ ಬಂದಿದ್ದು 1799ರಲ್ಲಿ ಅವನು ಸತ್ತ ಮೇಲೆ. ಹಾಗಾಗಿ ಅದರ ಹಿಂದಿನ ಜ್ಞಾನಸ್ನಾನದ ಪುಸ್ತಕಗಳನ್ನು ಅಲ್ಲಿ ನಿರೀಕ್ಷಿಸುವ ಹಾಗಿಲ್ಲ, ಸೆರೆಯಲ್ಲಿ ಹುಟ್ಟಿದ ಮಕ್ಕಳದ್ದಂತೂ ಕೇಳಲೇಬೇಡಿ.

ಹೀಗಿದ್ದಾಗ 1800ರ ನಂತರದ ಮದುವೆ ಮತ್ತು ಮರಣದ ಪುಸ್ತಕಗಳಿಂದ ಹಿಂದಕ್ಕೆ ಲೆಕ್ಕ ಹಾಕಿ. ಮದುವೆಯ ದಾಖಲೆಯಲ್ಲಿ ಎರಡೂ ಕಡೆಯ ತಂದೆ ತಾಯಿ ಬರುತ್ತಾರೆ. 1830ರಲ್ಲಿ 60 ವರ್ಷಕ್ಕೆ ತೀರಿಕೊಂಡರು ಅಂತಿದ್ದರೆ ಹುಟ್ಟು 1770ರ ಆಸುಪಾಸು. ಆಸುಪಾಸು ಅಂತಲೇ ಬರೆಯಿರಿ, ಏಕೆಂದರೆ 50, 60, 70 ಅನ್ನುವ ದುಂಡು ವಯಸ್ಸುಗಳೆಲ್ಲ ಅಂದಾಜು. ಜ್ಞಾನಸ್ನಾನದ ದಾಖಲೆ ಸಿಕ್ಕರೆ ಜ್ಞಾನದ ತಂದೆ ತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಹೆಸರನ್ನೂ ಇಳಿಸಿಕೊಳ್ಳಿ, ಅವರು ಹೆಚ್ಚಾಗಿ ಹತ್ತಿರದ ನೆಂಟರೇ. ಭಾಷೆ ಲ್ಯಾಟಿನ್ ಅಥವಾ ಪೋರ್ಚುಗೀಸ್ ಇರಬಹುದು, ಹೆಸರೂ ಆ ಭಾಷೆಗೆ ತಿರುಗಿರುತ್ತದೆ. ಗೋವಾದ ಮೂಲ ಊರು ಗೊತ್ತಿದ್ದರೆ ಪಣಜಿಯ ಪತ್ರಾಗಾರ ಮುಂದಿನ ಮೆಟ್ಟಿಲು.

ಪ್ರೊಟೆಸ್ಟೆಂಟ್ ಮನೆಗಳಿಗೆ ದಾರಿ ಬೇರೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದ ಮೊದಲ ತಲೆಮಾರಿನವರ ಹಳೆಯ ಹೆಸರು ಯಾವುದಿತ್ತು ಅಂತ ಸಭೆಯ ಪುಸ್ತಕದಲ್ಲಿ ನೋಡಿ. ಆ ಹಳೆಯ ಹೆಸರು ಸಿಕ್ಕರೆ ಮತ್ತೆ ಹಂತ 3ಕ್ಕೆ ವಾಪಸ್, ಜಮೀನಿನ ಪುಸ್ತಕಕ್ಕೆ.

ಹಂತ 7: ಹೆಣ್ಣುಮಕ್ಕಳು ಎಲ್ಲಿ ಹೋದರು?

ಮೇಲಿನ ದಾರಿಗಳಲ್ಲೆಲ್ಲ ಹೆಣ್ಣುಮಕ್ಕಳು ಜಾರಿಹೋಗುತ್ತಾರೆ. ಪೌತಿ ಖಾತೆಯಲ್ಲಿ ಗಂಡುಮಕ್ಕಳನ್ನು ಮಾತ್ರ ಬರೆಸಿದ್ದು ಎಷ್ಟೋ. ಅವರನ್ನು ಹುಡುಕಬೇಕಾದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ: ದಾನಪತ್ರ, ಹಕ್ಕು ಬಿಡುಗಡೆ ಪತ್ರ, ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಜಮೀನಿನ ಕ್ರಯ ಅಥವಾ ದಾನ. ಈ ಪತ್ರಗಳ ಮೊದಲ ಪುಟದಲ್ಲೇ ವಯಸ್ಸು, ಗಂಡನ ಹೆಸರು, ಊರು ಇರುತ್ತದೆ. ಪಾಲಿನ ವ್ಯಾಜ್ಯ ಕೋರ್ಟಿಗೆ ಹೋಗಿದ್ದರೆ ದಾವೆಯ ಜೊತೆ ವಂಶವೃಕ್ಷ ಲಗತ್ತಾಗಿರುತ್ತದೆ. ಎದುರು ಪಾರ್ಟಿಯವರು ಅದನ್ನು ಒಪ್ಪಿದ್ದಾರಾ, ಅಲ್ಲಗಳೆದಿದ್ದಾರಾ ಅಂತಲೂ ಓದಿ. ದಾವೆ ಗೆಲ್ಲಲು ಯಾರನ್ನೋ ಬಿಟ್ಟು ಯಾರನ್ನೋ ಸೇರಿಸುವುದು ಹೊಸದೇನಲ್ಲ.

ಪುರಸಭೆಯ ಹಳೆಯ ಜನನ ಪುಸ್ತಕ ಇದ್ದ ಊರಾದರೆ ಒಂದು ಮಾತು: ಅಲ್ಲಿ ಮಗುವಿನ ಹೆಸರೇ ಇರುವುದಿಲ್ಲ, "ಹೆಣ್ಣು ಮಗು" ಅಂತಿರುತ್ತದೆ ಅಷ್ಟೇ. ಹೆಸರಿಡುವ ಮುಂಚೆ ಬರೆಸಿದ್ದು ಅದು. ಹಾಗಾಗಿ ತಂದೆಯ ಹೆಸರಿನ ಮೇಲೆ ಹುಡುಕಿ. ಮಗಳ ಹೆಸರು ಹೇಳಿ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ, ದಾಖಲೆ ಇದ್ದರೂ.

ಹಂತ 8: ಬರೆದಿಡುವುದು, ಮತ್ತೆ ನೆಂಟರ ವಿಷಯ

ಪ್ರತಿ ಹೆಸರಿನ ಮುಂದೆ ಎಲ್ಲಿಂದ ಸಿಕ್ಕಿತು ಅಂತ ಬರೆಯಿರಿ: ಯಾವ ಎಂ.ಆರ್., ಯಾರ ಬಾಯಿಮಾತು, ಯಾವ ತಾರೀಖು. ಕಾಗದದಲ್ಲಿ ಇರುವುದಕ್ಕೂ ಕೇಳಿದ್ದಕ್ಕೂ ಬೇರೆ ಬಣ್ಣದ ಪೆನ್ ಬಳಸಿ. ಒಂದು ತಲೆಮಾರಿಗೆ ಸುಮಾರು 25 ವರ್ಷ ಅಂತ ಲೆಕ್ಕ ಹಾಕಿ ನೋಡಿ. ಅಪ್ಪನಿಗೂ ಮಗನಿಗೂ 60 ವರ್ಷದ ಅಂತರ ಬಂದರೆ ಮಧ್ಯೆ ಯಾರೋ ಬಿಟ್ಟುಹೋಗಿರಬಹುದು, ಇಲ್ಲವೇ ದತ್ತು ತೆಗೆದುಕೊಂಡಿರಬಹುದು.

ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷ ಪ್ರಮಾಣಪತ್ರ ಬೇರೆ, ನೀವು ಮಾಡುತ್ತಿರುವುದು ಬೇರೆ. ಅದು ಅರ್ಜಿದಾರರು ಕೊಟ್ಟ ಅಫಿಡವಿಟ್, ಊರವರ ಮಹಜರು ನೋಡಿ ಗ್ರಾಮ ಆಡಳಿತ ಅಧಿಕಾರಿ ಕೊಡುವಂಥದ್ದು. ಹಳೆಯದೊಂದು ಮನೆಯಲ್ಲಿ ಸಿಕ್ಕರೆ ಸುಳಿವಾಗಿ ಬಳಸಿ, ಆದರೆ ಅದರಲ್ಲಿರುವ ಹೆಸರುಗಳನ್ನು ಕೈಬರಹದ ಪಹಣಿ ಜೊತೆ ತಾಳೆ ನೋಡಿ.

ಕೊನೆಯದಾಗಿ ಹೇಳುತ್ತಿದ್ದರೂ ಇದನ್ನು ಮಾಡಬೇಕಾದ್ದು ಎಲ್ಲಕ್ಕಿಂತ ಮೊದಲು. ಪಟ್ಟಣದಿಂದ ಒಬ್ಬ ಬಂದು 60 ವರ್ಷದ ಹಿಂದಿನ ಎಂ.ಆರ್. ತೆಗೆಸುತ್ತಿದ್ದಾನೆ ಅನ್ನುವ ಸುದ್ದಿ ಸಂಜೆಯೊಳಗೆ ಊರಿಗೆ ಮುಟ್ಟುತ್ತದೆ, ಪಾಲು ಕೇಳಲು ಬಂದಿದ್ದಾನೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಆಮೇಲೆ ಯಾವ ಮನೆಯ ಪೆಟ್ಟಿಗೆಯೂ ನಿಮಗಾಗಿ ತೆರೆಯುವುದಿಲ್ಲ. ತಾಲ್ಲೂಕು ಕಚೇರಿಗೆ ಹೋಗುವ ಮುಂಚೆಯೇ ದೊಡ್ಡಪ್ಪನ ಮಕ್ಕಳಿಗೆ ಫೋನ್ ಮಾಡಿ ವಿಷಯ ಹೇಳಿ, ಆಗುವುದಾದರೆ ಅವರಲ್ಲೊಬ್ಬರನ್ನು ಜೊತೆಗೇ ಕರೆದುಕೊಂಡು ಹೋಗಿ. ಸಿಕ್ಕ ಪ್ರತಿ ಕಾಗದದ ಒಂದು ಜೆರಾಕ್ಸ್ ಅವರಿಗೂ ಕೊಡಿ.